ಓಲೆಗರಿಯ ಕಟ್ಟು

ಆ ಹಳೆಯ ಓಲೆಗರಿಯ ಕಟ್ಟಿಗೆ ಚಿದಂಬರಯ್ಯ ಅರವತ್ತು ಸಾವಿರ ಕೊಡಲು ಒಪ್ಪಿದ್ದ. ಅನಂತಯ್ಯನ ಕೈಯಲ್ಲಿದ್ದದ್ದು ಹದಿನೈದೇ ಸಾವಿರ. ಸುತ್ತಮುತ್ತ ಎಲ್ಲಿ ಹಳೆಯ ಗ್ರಂಥ ಸಿಕ್ಕರೂ ಅದು ಚಿದಂಬರಯ್ಯನ ಬೀರುವನ್ನೇ ಸೇರುತ್ತಿತ್ತು. ಈ ಸಲವೂ ಹಾಗೇ ಆಗುತ್ತದೆಂದು ಅನಂತಯ್ಯನಿಗೆ ಹೊಟ್ಟೆ ಉರಿದುಹೋಯಿತು.

ಚಿದಂಬರಯ್ಯ ಹಣ ತರುವ ಮೊದಲೇ ಅನಂತಯ್ಯ ಕಟ್ಟಿನ ಒಡತಿ ತಿರುಮಲಮ್ಮನ ಮನೆಗೆ ಓಡಿದ.

“ಅಮ್ಮಾ, ಇದು ಮಾಟಮಂತ್ರದ ಗ್ರಂಥ. ಮನೆಯಲ್ಲಿಟ್ಟವರಿಗೆ ದೋಷ. ಹದಿನೈದಕ್ಕೆ ಕೊಡಿ, ನಾನೇ ತಗೊಂಡು ಹೋಗಿ ಶಾಂತಿ ಮಾಡಿಸ್ತೀನಿ.”

“ಅಯ್ಯೋ, ಹೇಳಿ ಪುಣ್ಯ ಕಟ್ಟಿಕೊಂಡಿರಿ! ಪುರೋಹಿತರನ್ನ ಒಂದು ಮಾತು ಕೇಳ್ತೀನಿ, ನಾಳೆ ಬನ್ನಿ.”

ಮರುದಿನ ಹೋದರೆ ಕಟ್ಟು ಇರಲಿಲ್ಲ.

“ಚಿದಂಬರಯ್ಯನಿಗೆ ಮಾರಿಬಿಟ್ರಾ?”

“ಮಾರೋದುಂಟೇ? ದೋಷ ಇರೋದನ್ನ ಮಾರಿ ದುಡ್ಡು ಮುಟ್ಟಬಾರದಂತೆ. ದಾನ ಕೊಡಬೇಕಂತೆ.”

“ಹಾಗಾದರೆ ನನಗೇ ಕೊಡಬಹುದಿತ್ತಲ್ಲ!”

“ನನ್ನ ಒಳ್ಳೇದು ಬಯಸಿ ಬಂದವರ ತಲೆಗೆ ದೋಷ ಕಟ್ಟಲೇನಪ್ಪಾ? ತೆಂಗಿನಕಾಯಿ, ದಕ್ಷಿಣೆ ಸಮೇತ ಚಿದಂಬರಯ್ಯನವರಿಗೇ ಕೊಟ್ಟುಬಿಟ್ಟೆ.”