ಗೊಂಬೆಯ ಕುರ್ಚಿ

"ಏಳಿ ಅತ್ತಿಗೆ! ಗಿರಾಕಿ ಬಂದ್ರು, ಕೂತೇ ಇದೀರಲ್ಲ?"

ಬಟ್ಟೆ ಅಂಗಡಿಯ ಗಾಜಿನ ಕಿಟಕಿಯೊಳಗೆ ಗೊಂಬೆಗೆ ಪ್ಯಾಂಟ್ ತೊಡಿಸಿ, ಅತ್ತಿಗೆ ಅದರ ಪಕ್ಕದಲ್ಲೇ ನೆಲಕ್ಕೆ ಕುಕ್ಕರಿಸಿದ್ದಳು, ಅಷ್ಟೆ. ಅಂಗಡಿ ಮೈದುನನದು, ಕಾನೂನೂ ಅವನದೇ. ಬಾಗಿಲು ತೆರೆದ ಮೇಲೆ ಮಾರುವವರು ಕೂರುವ ಹಾಗಿಲ್ಲ. ಇದ್ದ ಕುರ್ಚಿ ಎರಡೇ: ಗಲ್ಲಾದ ಹಿಂದೆ ಅವನದು, ಕಿಟಕಿಯಲ್ಲಿ ಗೊಂಬೆಯದು. ಕೂತ ಗೊಂಬೆಯ ಮೇಲೆ ಪ್ಯಾಂಟು ಚೆನ್ನಾಗಿ ಕಾಣುತ್ತದಂತೆ.

ಸಂಜೆಯಾದರೆ ಅವಳ ಕಾಲು ಊದಿ ಕಲ್ಲಾಗುತ್ತಿತ್ತು. ಮೀನಖಂಡದ ಮೇಲೆ ನರ ಹುರಿಹಗ್ಗದಂತೆ ಗಂಟುಗಂಟು, ಪಾದದ ಗಿಣ್ಣಿನ ಹತ್ತಿರ ಕಪ್ಪಾಗಿ ತುರಿಸುವ ಚರ್ಮ. ತೋರಿಸಿದಾಗಲೆಲ್ಲ ಮೈದುನ, "ವಯಸ್ಸಾಯ್ತಲ್ಲ, ಎಣ್ಣೆ ಹಚ್ಚಿ" ಅನ್ನುತ್ತಿದ್ದ. ಅವನಿಗೇನು, ಕಾಲು ಅವನದಲ್ಲವಲ್ಲ!

ಕಳೆದ ವಾರ ಅವಳೇ ಡಾಕ್ಟರ ಹತ್ತಿರ ಹೋಗಿದ್ದಳು. "ಕಾಲು ಊದೋಕೆ ಶುರುವಾದಾಗಲೇ ಬರಬೇಕಿತ್ತಮ್ಮ," ಅವರು ಗದರಿದ್ದರು. "ಒಂದೇ ಕಡೆ ನಿಲ್ಲಬೇಡಿ, ಆಗಾಗ ಕಾಲು ಮೇಲಿಟ್ಟು ಕೂರಿ. ನರ ಒಡೆದು ರಕ್ತ ಬಂದ್ರೆ ಮಲಗಿ, ಕಾಲು ಎತ್ತಿ ಗಟ್ಟಿಯಾಗಿ ಒತ್ತಿಸಿಕೊಂಡು ತಕ್ಷಣ ಬನ್ನಿ." ಅದನ್ನು ಕೇಳಿ ಮೈದುನ ನಕ್ಕಿದ್ದ. "ಡಾಕ್ಟರಿಗೇನತ್ತಿಗೆ, ಕೂತ್ಕೊಂಡೇ ಸಂಪಾದನೆ!"

ಈಗ ಅವಳು ದಡಬಡಿಸಿ ಎದ್ದಾಗ ಗೊಂಬೆಯ ಕುರ್ಚಿಯ ಮೊಳೆ ಗಿಣ್ಣಿನ ಪಕ್ಕ ತರಚಿತು. ಸಣ್ಣ ಗೀರು, ಅಷ್ಟಕ್ಕೇ ರಕ್ತ ಚಿಮ್ಮಿತು. ನೋವಿಲ್ಲ, ಆದರೆ ನಿಲ್ಲುವ ಲಕ್ಷಣವೂ ಇಲ್ಲ.

"ಅಯ್ಯೋ, ಹೊಸ ಮಾಲು! ಕಲೆಯಾಗುತ್ತೆ!" ಮೈದುನ ಓಡಿಬಂದು ಬಾಚಿ ಎತ್ತಿಕೊಂಡದ್ದು ಅಂಗಿಗಳ ರಾಶಿಯನ್ನು.

ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. ಆ ರಾಶಿಯಿಂದಲೇ ಒಂದು ಬಿಳಿ ಅಂಗಿ ಕಿತ್ತುಕೊಂಡು ನೆಲದ ಮೇಲೆ ಮಲಗಿದಳು, ಕಾಲೆತ್ತಿ ಗೊಂಬೆಯ ತೊಡೆಯ ಮೇಲಿಟ್ಟಳು. ಬಂದಿದ್ದ ಗಿರಾಕಿ ಹೆಂಗಸು ಕೈಚೀಲ ಬಿಸಾಕಿ, ಅಂಗಿಯನ್ನು ಗಾಯಕ್ಕೆ ಅದುಮಿ ಹಿಡಿದಳು.

"ಪರದೆ ಎಳೀತೀನಿ ಅತ್ತಿಗೆ, ರಸ್ತೆಯವರೆಲ್ಲ ನೋಡ್ತಿದಾರೆ. ಅಂಗಡಿ ಮರ್ಯಾದೆ..."

"ಮುಟ್ಟಿದ್ಯೋ, ಜೋಕೆ!" ಅವಳು ಮಲಗಿದಲ್ಲಿಂದಲೇ ಗುಡುಗಿದಳು. "ಇಲ್ಲಿ ಕಾಲು ಚಾಚಬೇಕಾದ್ರೆ ಏನಾಗಬೇಕು ಅಂತ ಎಲ್ರೂ ನೋಡ್ಲಿ. ನೀನು ಹೋಗಿ ಗಾಡಿ ಕರಿ!"

ಅವನು ಅಂಗಿಗಳನ್ನು ಅವುಚಿಕೊಂಡೇ ರಸ್ತೆಗೆ ಓಡಿದ. ಗಾಜಿನಾಚೆ ಜನ ಗುಂಪುಕಟ್ಟಿದ್ದರು. ಒಳಗೆ ಗೊಂಬೆ, ಕೊರಳಲ್ಲಿ ಬೆಲೆಚೀಟಿ ತೂಗಿಸಿಕೊಂಡು, ಅತ್ತಿಗೆಯ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಿತ್ತು. ಇಷ್ಟು ವರ್ಷಗಳಲ್ಲಿ ಆ ಅಂಗಡಿಯಲ್ಲಿ ಆ ಕಾಲಿಗೆ ಜಾಗ ಕೊಟ್ಟದ್ದು ಅದೊಂದೇ.