ಹರದನಹಳ್ಳಿಯ ಆರ್ಡರ್

ರೂಪಶ್ರೀ ಪೊಟ್ಟಣವನ್ನು ಮುಂದೆ ಹಿಡಿದ ಕೂಡಲೇ ಕುಮಾರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ತಗೊಳ್ಳಮ್ಮ, ನೀನೇ ಹೇಳಿದ್ದ ಕ್ಯಾಸೆಟ್ಟು,” ಎಂದಳು ರೂಪಶ್ರೀ. ದೊಡ್ಡ ಕಂಪನಿಗಳು ಹತ್ತಿರ ಸೇರಿಸದ ಅಂಡರ್‌ಗ್ರೌಂಡ್ ಬ್ಯಾಂಡುಗಳ ಕ್ಯಾಸೆಟ್ಟುಗಳನ್ನು ಅಂಚೆಯಲ್ಲಿ ಕಳಿಸಿ ಮಾರುವ ಕೆಲಸವನ್ನು ಅವಳು ಚಾಮರಾಜನಗರದ ಮನೆಯಲ್ಲೇ ಶುರುಮಾಡಿದ್ದಳು. ಬೆಂಗಳೂರಿನಿಂದಲೋ ಕೊಚ್ಚಿಯಿಂದಲೋ ಮೊದಲ ಆರ್ಡರ್ ಬರುತ್ತದೆಂದು ಕಾದರೆ, ಬಂದದ್ದು ಪಕ್ಕದ ಹರದನಹಳ್ಳಿಯಿಂದ. ಇಷ್ಟು ಹತ್ತಿರಕ್ಕೆ ಅಂಚೆ ಯಾಕೆಂದು ಸ್ಕೂಟರ್ ಹತ್ತಿ ತಾನೇ ಬಂದಿದ್ದಳು. ಈಗ ಮೊದಲ ಗಿರಾಕಿಯೇ ಕೈತಪ್ಪಿದರೆ, ಇದೆಲ್ಲ ನಡೆಯೋದಲ್ಲ ಎಂದಿದ್ದ ಅಪ್ಪನ ಮಾತೇ ನಿಜವಾಗುತ್ತಿತ್ತು.

“ಯಾಕೆ, ಬೇಡ್ವಾ?”

“ಬೇಕು ಕಣಕ್ಕ. ಆ ಬ್ಯಾಂಡ್ ಅಂದ್ರೆ ನಂಗೆ ಪ್ರಾಣ. ಆದ್ರೆ ಇಂಗೆ ಕೈಗ್ ಕೊಡ್ಬ್ಯಾಡಿ, ಪೋಸ್ಟಲ್ಲೇ ಆಕ್ಬುಡಿ.”

“ಮನೆ ಬಾಗಿಲಿಗೇ ತಂದಿದ್ದೀನಲ್ಲಮ್ಮ!”

ಕುಮಾರಿ ಬೀದಿಯ ಆಚೆ ಈಚೆ ನೋಡಿದಳು. ಚೆಂಡುಹೂವಿನ ಹೊಲದಲ್ಲಿ ಕೂಲಿ ಮುಗಿಸಿ ಆಗತಾನೇ ಬಂದಿದ್ದಳು. “ಈ ಬೀದೀಲಿ ಎಲ್ರಿಗೂ ಏನಾರ ಬತ್ತಾನೇ ಇರ್ತದೆ. ನನ್ನೆಸ್ರಿಗೆ ಇವತ್ಗಂಟ ಒಂದೂ ಬಂದಿಲ್ಲ. ಪೋಸ್ಟ್‌ಮ್ಯಾನು ಇಲ್ಲಿ ನಿಂತ್ಕಂಡು, ಎಲ್ರೂ ಕೇಳಂಗೆ ನನ್ನೆಸ್ರು ಕೂಗ್ಬೇಕು ಕಣಕ್ಕ.”

ರೂಪಶ್ರೀ ಪೊಟ್ಟಣವನ್ನು ಮತ್ತೆ ಚೀಲಕ್ಕೆ ಹಾಕಿ, ಪೆನ್ನು ತೆಗೆದಳು.

“ನಿನ್ನ ಪೂರ್ತಿ ಹೆಸ್ರು ಹೇಳು. ದಪ್ಪ ಅಕ್ಷರದಲ್ಲಿ ಬರೀತೀನಿ.”