ಕೊನೆಯ ಬೆಂಚು

ಚರ್ಚಿಗೆ ಬಂದ ಹೊಸ ಪಾದ್ರಿ ಅಯ್ಯನವರು ಕರ್ತನ ಭೋಜನದಲ್ಲಿ ರೊಟ್ಟಿಯ ಜೊತೆ ಕೊಡುವ ದ್ರಾಕ್ಷಾರಸಕ್ಕೆಂದು ಆಳಿಗೊಂದರಂತೆ ಪುಟ್ಟ ಲೋಟಗಳನ್ನು ತರಿಸಿದ್ದೇ ತಡ, ಸಭೆಯ ಹಿರಿಯರಾದ ಸತ್ಯಮಿತ್ರರು ಕೆರಳಿ ನಿಂತರು.

“ನಾವೆಲ್ಲ ಒಂದೇ ದೇಹ ಅಂತ ನೀವೇ ಬೋಧನೆ ಮಾಡ್ತೀರಿ. ಹಾಗಿದ್ಮೇಲೆ ಪಾತ್ರೆ ಯಾಕೆ ಬೇರೆ ಬೇರೆ? ಕರ್ತನ ಮೇಜಿನ ಮುಂದೆ ಎಂಜಲು ಗಿಂಜಲು ಅನ್ನೋದು ಅಪನಂಬಿಕೆ, ಅಯ್ಯನೋರೇ!”

ಲೋಟಗಳ ಪೆಟ್ಟಿಗೆ ಬೀರು ಸೇರಿತು. ಆ ಭಾನುವಾರವೂ ಎಂದಿನಂತೆ ಬೆಳ್ಳಿಯ ಪಾತ್ರೆಯೊಂದೇ ಬೆಂಚಿನಿಂದ ಬೆಂಚಿಗೆ ಹೊರಟಿತು. ಮೊದಲ ಬೆಂಚು ಸತ್ಯಮಿತ್ರರದು, ಅವರ ತಂದೆಯ ಕಾಲದಿಂದಲೂ. ಮೊದಲ ಗುಟುಕೂ ಅವರದೇ.

ಮರು ತಿಂಗಳ ಭೋಜನದ ದಿನ ಅವರ ಸ್ಕೂಟರ್ ದಾರಿಯಲ್ಲೇ ಕೈಕೊಟ್ಟಿತು. ಬೆವರೊರೆಸಿಕೊಂಡು ಒಳಗೆ ಬರುವಷ್ಟರಲ್ಲಿ ಅವರ ಬೆಂಚೂ ಸೇರಿ ದೇವಾಲಯ ತುಂಬಿತ್ತು. ಕೊನೆಯ ಬೆಂಚಿನಲ್ಲಿ, ಮುದುಕಿ ರಾಹೇಲಮ್ಮನ ಪಕ್ಕದಲ್ಲಷ್ಟೇ ಜಾಗವಿತ್ತು. ಪಾತ್ರೆ ಸಭೆಯನ್ನೆಲ್ಲ ಸುತ್ತಿ ಅಲ್ಲಿಗೆ ಬಂತು. ಎಲೆಯಡಿಕೆ ಜಗಿದು ಕೆಂಪಾದ ಬಾಯಲ್ಲಿ ರಾಹೇಲಮ್ಮ ಗುಟುಕರಿಸಿ, ಕೆಮ್ಮಿ, “ತಗೋಳಪ್ಪ” ಎಂದು ಅವರ ಕೈಗಿತ್ತಳು. ಉಳಿದಿದ್ದ ರಸದಲ್ಲಿ ಯಾರ ಯಾರದೋ ಬಾಯಿಂದ ಜಾರಿದ ರೊಟ್ಟಿಯ ಚೂರುಗಳು ತೇಲುತ್ತಿದ್ದವು. ಸತ್ಯಮಿತ್ರರು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕುಡಿದರು. ನೋಡಿದವರಿಗೆ ಅದು ಭಕ್ತಿಯಂತೆಯೇ ಕಂಡಿತು.

ಆರಾಧನೆ ಮುಗಿದ ಮೇಲೆ ಅವರು ಅಯ್ಯನವರನ್ನು ಮೂಲೆಗೆ ಕರೆದರು.

“ಆ ಪುಟ್ಟ ಲೋಟಗಳು ಹಾಗೇ ಇವೆಯಾ?”

“ಇವೆ. ಆದ್ರೆ ನಾವೆಲ್ಲ ಒಂದೇ ದೇಹ ಅಂದಿದ್ರಲ್ಲ ನೀವು?”

“ದೇಹ ಒಂದೇ, ಅಯ್ಯನೋರೇ,” ಸತ್ಯಮಿತ್ರರು ದನಿ ತಗ್ಗಿಸಿದರು, “ಬಾಯಿ ಬೇರೆ ಬೇರೆ.”